ಬಳ್ಳಿಗಾವಿಯ ಓಣಿ, ಕೋಡಿಯ ಮಠದ ಅನ್ನ

ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ತಾಲ್ಲೂಕಿನ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ಪೊಟ್ಟಣ ಮಂಡಕ್ಕಿ. ಓದುಗರು ನಗಬಾರದು. ಇತಿಹಾಸದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಪೊಟ್ಟಣದಿಂದಲೇ.

ಆಗ ನಾನು ಒಂಬತ್ತನೆಯ ತರಗತಿ. ಸಮಾಜ ವಿಜ್ಞಾನದ ಮೇಷ್ಟ್ರು ನಮ್ಮನ್ನು ಬಳ್ಳಿಗಾವಿಗೆ ಕರೆದುಕೊಂಡು ಹೋದರು. ಶಿರಾಳಕೊಪ್ಪದವರೆಗೆ ಬಸ್ಸು, ಅಲ್ಲಿಂದ ನಡಿಗೆ. ಊರು ಸೇರಿದ ಮೇಲೆ ನೇರವಾಗಿ ಗುಡಿಗೆ ಹೋಗದೆ, "ಮೊದಲು ಓಣಿ ನೋಡ್ರೋ" ಎಂದು ಮನೆಗಳ ಹಿಂದುಗಡೆಯಿಂದ ನಡೆಸಿದರು. ಒಂದು ಹಿತ್ತಿಲಲ್ಲಿ ಹುಲ್ಲಿನ ಬಣವೆಗೆ ಒರಗಿಕೊಂಡು ವೀರಗಲ್ಲು ನಿಂತಿತ್ತು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಇನ್ನೊಂದು ಕಡೆ ಬಟ್ಟೆ ಒಗೆಯುವ ಕಲ್ಲಿನ ಅಂಚಿನಲ್ಲಿ ಸಣ್ಣ ಹೂಬಳ್ಳಿಯ ಕೆತ್ತನೆ. ಮೇಷ್ಟ್ರ ಕೈಯಲ್ಲಿ ಪುಸ್ತಕವಿರಲಿಲ್ಲ, ಬೆರಳು ತೋರಿಸಿ ಹೇಳುತ್ತಾ ಹೋದರು.

ಈ ಹಳ್ಳಿ ಬನವಾಸಿ ಹನ್ನೆರಡು ಸಾವಿರ ಪ್ರಾಂತದ ರಾಜಧಾನಿಯಾಗಿತ್ತು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂಬ ಐವರಿಗೂ ಇಲ್ಲಿ ಮಠಗಳಿದ್ದವೆಂದು ಶಾಸನ ಹೇಳುತ್ತದೆ. ಊರಿನಲ್ಲಿ ಇಂದೂ ನಿಂತಿರುವ ಗಂಡಭೇರುಂಡದ ಕಂಬ 1047ರದು. 1065ರಲ್ಲಿ ರೂಪಭಟ್ಟಯ್ಯನೆಂಬ ಚಾಲುಕ್ಯರ ಅಧಿಕಾರಿ ಇಲ್ಲಿ ಬೌದ್ಧ ವಿಹಾರ ಕಟ್ಟಿಸಿದ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕೆಲಸ ಮಾಡಿದ ಶಿಲ್ಪಿಗಳಾದ ದಾಸೋಜ ಮತ್ತು ಅವನ ಮಗ ಚಾವಣ ಈ ಊರಿನವರು. ಇಷ್ಟೆಲ್ಲ ಕೇಳುತ್ತಾ ಕೆರೆಯ ಬಳಿ ಕೇದಾರೇಶ್ವರನ ಗುಡಿಗೆ ಬಂದೆವು. ಕೆರೆಯ ಕೋಡಿಯ ಹತ್ತಿರವಿದ್ದುದರಿಂದ ಇಲ್ಲಿದ್ದ ಮಠಕ್ಕೆ ಕೋಡಿಯ ಮಠವೆಂದು ಹೆಸರು.

ಮಧ್ಯಾಹ್ನವಾಯಿತು. ಎಲ್ಲರೂ ಬುತ್ತಿ ಬಿಚ್ಚಿದರು. ನನ್ನ ಚೀಲದಲ್ಲಿ ಬುತ್ತಿ ಇರಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಬೆಳಿಗ್ಗೆ ಒಲೆ ಹೊತ್ತದ ದಿನಗಳಿದ್ದವು. "ನಂಗೆ ಹಸಿವಿಲ್ಲ" ಎಂದು ಹೇಳಿ ಗುಡಿಯ ಹಿಂದೆ ಹೋಗಿ ಕೆತ್ತನೆ ನೋಡುವವನಂತೆ ನಿಂತೆ. ಶಾಲೆಯಲ್ಲಿಯೂ ಊಟದ ಗಂಟೆ ಹೊಡೆದಾಗ ಹೀಗೆಯೇ ನಲ್ಲಿಯ ಕಡೆ ಹೋಗಿಬಿಡುತ್ತಿದ್ದೆ. ಮೇಷ್ಟ್ರು ನೋಡಿದರು, ಏನೂ ಹೇಳಲಿಲ್ಲ.

ಸಂಜೆ ಶಿರಾಳಕೊಪ್ಪದಲ್ಲಿ ಬಸ್ಸಿಗೆ ಕಾಯುವಾಗ ಅವರು ಮುಖ್ಯರಸ್ತೆ ಬಿಟ್ಟು ಒಂದು ಸಂದಿಯೊಳಕ್ಕೆ ನಮ್ಮೆಲ್ಲರನ್ನೂ ಕರೆದೊಯ್ದರು. ಅಲ್ಲೊಂದು ಮಂಡಕ್ಕಿ ಗಾಡಿ. ಈರುಳ್ಳಿ, ಕೊತ್ತಂಬರಿ, ಹುರಿಗಡಲೆ ಪುಡಿ, ಖಾರ, ನಿಂಬೆಹುಳಿ ಹಾಕಿ ಕಲಸಿ, ಮೇಲೊಂದು ಬಿಸಿ ಮೆಣಸಿನಕಾಯಿ ಬಜ್ಜಿ ಇಟ್ಟು ಎಲ್ಲರಿಗೂ ಒಂದೊಂದು ಪೊಟ್ಟಣ ಕೊಡಿಸಿದರು. ಯಾರು ಬುತ್ತಿ ತಂದಿದ್ದರು, ಯಾರು ತಂದಿರಲಿಲ್ಲ ಎಂಬ ಲೆಕ್ಕ ಅಲ್ಲಿ ಬರಲೇ ಇಲ್ಲ. ನನ್ನ ಪೊಟ್ಟಣ ಎಲ್ಲರಿಗಿಂತ ಮೊದಲು ಖಾಲಿಯಾಯಿತು. ಕಣ್ಣಲ್ಲಿ ಬಂದ ನೀರಿಗೆ ಬಜ್ಜಿಯ ಖಾರವೇ ಕಾರಣವೆಂದು ಗೆಳೆಯರು ತಿಳಿದರು.

ಆ ಖಾರಕ್ಕೂ ಒಂದು ಚರಿತ್ರೆಯಿದೆ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದ ನಂತರ, ಅಂದರೆ 1498ರ ಆಚೆಗೆ, ಅದು ನಮ್ಮ ಅಡಿಗೆಮನೆ ಸೇರಿತು. ಬಳ್ಳಿಗಾವಿ ಮೆರೆಯುತ್ತಿದ್ದಾಗ ನಾಲಿಗೆಗೆ ಖಾರ ಕೊಡುತ್ತಿದ್ದುದು ಮಲೆನಾಡಿನ ಕಾಳುಮೆಣಸು. ಹೊಸದಾಗಿ ಬಂದ ಕಾಯಿಗೆ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟರು. ಹೊರಗಿನಿಂದ ಬಂದದ್ದನ್ನು ಮನೆಯದಾಗಿ ಮಾಡಿಕೊಳ್ಳುವುದು ಈ ನೆಲದ ಹಳೆಯ ಅಭ್ಯಾಸ.

ಮುಂದೆ ಕಾಲೇಜಿನಲ್ಲಿ ಓದುವಾಗ, ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ ಕೋಡಿಯ ಮಠದ 1162ರ ಶಾಸನ ಸಿಕ್ಕಿತು. ಕಲಚುರಿ ಬಿಜ್ಜಳನ ಕಾಲದ್ದು. ವೇದ, ವ್ಯಾಕರಣ, ಯೋಗ, ಲಾಕುಳ ಸಿದ್ಧಾಂತಗಳ ಪಾಠ ಆ ಮಠದಲ್ಲಿ ನಡೆಯುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಅಲ್ಲಿ ಔಷಧ ಸಿಗುತ್ತಿತ್ತು. ಅನ್ನ ಯಾರಿಗೆ ಎಂಬ ಪಟ್ಟಿ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ಬಡವರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಜೈನ ಕ್ಷಪಣಕರು, ಸನ್ಯಾಸಿಗಳು, ನಾನಾ ದೇಶಗಳಿಂದ ಬಂದ ಭಿಕ್ಷುಕರು. ಶೈವ ಮಠವೊಂದು ತನ್ನ ಬಾಗಿಲಿಗೆ ಬಂದವರನ್ನು ಹೀಗೆ ಎಣಿಸಿ ಕಲ್ಲಿನಲ್ಲಿ ಬರೆಸಿತ್ತು. ನಾನು ಹಸಿದು ಸುಳ್ಳು ಹೇಳಿದ ಜಾಗ ಅದೇ ಆಗಿತ್ತು! ಮೇಷ್ಟ್ರಿಗೆ ಈ ಶಾಸನ ಗೊತ್ತಿತ್ತೇ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಅಲ್ಲಮಪ್ರಭುವಿನ ಊರೂ ಬಳ್ಳಿಗಾವಿಯೇ. ಗುಡಿಯಲ್ಲಿ ಮದ್ದಳೆ ನುಡಿಸುತ್ತಿದ್ದವನೆಂದು ಹರಿಹರ ಕವಿ ಅವನ ಕಥೆ ಹೇಳಿದ್ದಾನೆ. ವಾದ್ಯ ನುಡಿಸುವವರಿಗೂ ಎಲೆ ಹಾಕುತ್ತಿದ್ದ ಊರಿನಿಂದ ಹೊರಟ ಅಲ್ಲಮ ಕಲ್ಯಾಣದ ಶರಣರ ನಡುವೆ ಹೋಗಿ ಕುಳಿತ. ಆ ಶರಣರು ಕನ್ನಡಕ್ಕೆ ಕೊಟ್ಟ ದೊಡ್ಡ ಮಾತು ದಾಸೋಹ. ಸರ್ಕಾರ ಶಾಲೆಯ ಬಿಸಿಯೂಟಕ್ಕೆ ಅಕ್ಷರ ದಾಸೋಹ ಎಂದು ಹೆಸರಿಟ್ಟಿತು. 2007ರಲ್ಲಿ ಅದು ಪ್ರೌಢಶಾಲೆಗೂ ಬಂತು. ಈಗ ನಮ್ಮ ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ತಟ್ಟೆ ಹಿಡಿದು ನಿಂತದ್ದನ್ನು ಕಂಡಾಗ ನನ್ನ ಕಣ್ಣಿಗೆ ಕೋಡಿಯ ಮಠದ ಪಂಕ್ತಿಯೇ ಕಾಣುತ್ತದೆ. ಯಾರೂ ನಲ್ಲಿಯ ಕಡೆ ಹೋಗಬೇಕಾಗಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಬಳ್ಳಿಗಾವಿಗೆ ಹೋದರೆ ಗುಡಿಯ ಮುಂದೆ ಫೋಟೋ ತೆಗೆದು ತಿರುಗಿ ಬರಬೇಡಿ. ಓಣಿಗಳಲ್ಲಿ ನಡೆಯಿರಿ. ಕಟ್ಟೆಯ ಮೇಲೆ ಕುಳಿತ ಅಜ್ಜಿ "ಊಟ ಆಯ್ತೇನಪ್ಪ?" ಎಂದು ಕೇಳಿದರೆ ನಿಂತು ಮಾತಾಡಿಸಿ. ಎಂಟುನೂರು ವರ್ಷಗಳ ಹಿಂದೆ ಆ ಊರು ಬಂದವರನ್ನೆಲ್ಲ ಕೇಳುತ್ತಿದ್ದ ಪ್ರಶ್ನೆಯೂ ಅದೇ. ಬರುವಾಗ ಶಿರಾಳಕೊಪ್ಪದಲ್ಲಿ ಮಂಡಕ್ಕಿ ತಿನ್ನಿ. ಜೊತೆಯಲ್ಲಿ ಯಾರಾದರೂ "ನಂಗೆ ಹಸಿವಿಲ್ಲ" ಎಂದರೆ ಕಾರಣ ಕೇಳದೆ ಇನ್ನೊಂದು ಪೊಟ್ಟಣ ಕಟ್ಟಿಸಿ.