ಟೀಮ್ ಮುಚ್ಚಿದರು, ಊರು ಲೆಕ್ಕ ಕೇಳಿತು

(1/6)
ನಮ್ಮ ಕಾಲೇಜಿನ ನೋಟಿಸ್ ಬೋರ್ಡ್ ನೋಡಿದ್ರಾ? ಈ ವರ್ಷ ಖೋ-ಖೋ ಟೀಮ್ ಇಲ್ವಂತೆ. ಕಾರಣ ಎರಡೇ ಪದ: ಅನುದಾನದ ಕೊರತೆ. ಓದಿ ಎಲ್ಲರೂ ಕ್ಯಾಂಟೀನಿಗೆ ಹೋದ್ವಿ. ನಾನೂ ಹೋದೆ. ಟೀ ಕುಡೀತಾ ನೆನಪಾಗಿದ್ದು ಅಮೆರಿಕದ ಒಂದು ಕಾಲೇಜಿನ ಕಥೆ. ಅಲ್ಲೂ ಇಂಥದ್ದೇ ಕಾರಣ ಕೊಟ್ಟಿದ್ರು. ಆದ್ರೆ ಅಲ್ಲಿನವರು ಅಷ್ಟಕ್ಕೇ ಬಿಡಲಿಲ್ಲ.

2014ರ ಡಿಸೆಂಬರ್ 2. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಚಿಕ್ಕದಾಗಿ ಯುಎಬಿ ಅಂತಾರೆ. ಅದರ ಅಧ್ಯಕ್ಷ ರೇ ವಾಟ್ಸ್ (ನಮ್ಮ ಕುಲಪತಿಗಳ ಥರ ಅಂದ್ಕೊಳ್ಳಿ) ಫುಟ್‌ಬಾಲ್ ಆಟಗಾರರನ್ನು ಕೂರಿಸಿ, ತಂಡ ಇನ್ಮುಂದೆ ಇರಲ್ಲ ಅಂತ ಹೇಳಿದರು. ಬೌಲಿಂಗ್ ಮತ್ತು ರೈಫಲ್ ತಂಡಗಳೂ ಬಂದ್.

ಮೂರೇ ದಿನದ ಹಿಂದೆ ಇದೇ ಹುಡುಗರು ಆ ಸೀಸನ್‌ನ 6ನೇ ಪಂದ್ಯ ಗೆದ್ದಿದ್ದರು. ಹಿಂದಿನ ವರ್ಷ ಗೆದ್ದಿದ್ದು ಬರೀ 2. ತಂಡ ಏಳ್ತಾ ಇತ್ತು, ಆಗಲೇ ಬಾಗಿಲು ಹಾಕಿದರು. ಆ ಕೋಣೆಯಲ್ಲಿ ಆಟಗಾರರು ಸಿಟ್ಟಿನಿಂದ ಪ್ರಶ್ನೆ ಕೇಳ್ತಿರೋ ವಿಡಿಯೊ ಮೊಬೈಲಿಂದ ಮೊಬೈಲಿಗೆ ಹರಿದಾಡಿತು.

(2/6)
ಸ್ವಲ್ಪ ಹಿಂದಕ್ಕೆ ಹೋಗೋಣ.

ಬರ್ಮಿಂಗ್‌ಹ್ಯಾಮ್ ಅಂದ್ರೆ ಕಬ್ಬಿಣ, ಉಕ್ಕಿನ ಊರು. 1963ರಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿ ನಡೆದ ಬೀದಿಗಳು ಇಲ್ಲಿಯವೇ. ಯುಎಬಿ ಸ್ವತಂತ್ರ ವಿಶ್ವವಿದ್ಯಾಲಯ ಆಗಿದ್ದು 1969ರಲ್ಲಿ. ದೊಡ್ಡ ಆಸ್ಪತ್ರೆ, ವೈದ್ಯಕೀಯ ಸಂಶೋಧನೆಗೆ ಹೆಸರುವಾಸಿ. ಫುಟ್‌ಬಾಲ್‌ನಲ್ಲಿ ಮಾತ್ರ ಕಿರಿಯ ತಮ್ಮ. (ಇದು ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡ್ತಾರಲ್ಲ, ಅದು.) ಅಧಿಕೃತ ತಂಡ ಕಟ್ಟಿದ್ದು 1991ರಲ್ಲಿ, ಮೇಲಿನ ದರ್ಜೆಗೆ ಏರಿದ್ದು 1996ರಲ್ಲಿ. 2000ದಲ್ಲಿ ದೈತ್ಯ ಎಲ್‌ಎಸ್‌ಯು ತಂಡವನ್ನು ಅವರದೇ ಅಂಗಳದಲ್ಲಿ 13-10ರಿಂದ ಸೋಲಿಸಿದ್ದೂ ಇದೇ ತಂಡ.

ಅಣ್ಣ ಯಾರು? ಟಸ್ಕಲೂಸಾದಲ್ಲಿರೋ ಹಳೆಯ ಅಲಬಾಮಾ ವಿಶ್ವವಿದ್ಯಾಲಯ. ಅಮೆರಿಕದ ಕಾಲೇಜು ಫುಟ್‌ಬಾಲ್‌ನ ರಾಜಮನೆತನ ಅನ್ನಬಹುದು. ಇಬ್ಬರಿಗೂ ಆಡಳಿತ ಮಂಡಳಿ ಒಂದೇ. ಯುಎಬಿ ತನ್ನ ಕ್ಯಾಂಪಸ್ಸಲ್ಲೇ ಒಂದು ಸ್ಟೇಡಿಯಂ ಕಟ್ಕೋಬೇಕು ಅಂತಿತ್ತು. 2011ರಲ್ಲಿ ಆ ಯೋಜನೆಗೆ ಮಂಡಳಿಯ ಬೆಂಬಲ ಸಿಗಲಿಲ್ಲ. ಹಾಗಾಗಿ 70 ಸಾವಿರಕ್ಕೂ ಹೆಚ್ಚು ಜನ ಕೂರೋ ಹಳೇ ಲೀಜನ್ ಫೀಲ್ಡ್‌ನಲ್ಲಿ, ಖಾಲಿ ಕುರ್ಚಿಗಳ ಮಧ್ಯೆ ಆಡ್ತಿದ್ರು. ಖಾಲಿ ಕುರ್ಚಿ ತೋರಿಸಿ "ಯಾರಿಗೂ ಬೇಡ ನೋಡಿ" ಅನ್ನೋದು ಸುಲಭ ಅಲ್ವಾ?

(3/6)
ಈಗ ಲೆಕ್ಕ. ಬೋರ್ ಅಂತ ಸ್ಕ್ರೋಲ್ ಮಾಡ್ಬೇಡಿ, ಕಥೆಯ ಜೀವ ಇರೋದೇ ಇಲ್ಲಿ.

ಆಡಳಿತ ಒಂದು ಸಲಹಾ ಸಂಸ್ಥೆಯ ವರದಿ ಮುಂದಿಟ್ಟಿತು. ಫುಟ್‌ಬಾಲ್ ಉಳಿಸಿಕೊಂಡ್ರೆ 5 ವರ್ಷದಲ್ಲಿ ಹೆಚ್ಚುವರಿಯಾಗಿ 4.9 ಕೋಟಿ ಡಾಲರ್ ಬೇಕು ಅಂತ. ಅಷ್ಟು ದೊಡ್ಡ ಸಂಖ್ಯೆ ಕೇಳಿದ್ರೆ ಯಾರಿಗಾದ್ರೂ ಬಾಯಿ ಕಟ್ಟುತ್ತೆ. ಆದ್ರೆ ಬೇರೆ ಅರ್ಥಶಾಸ್ತ್ರಜ್ಞರು ಅದೇ ಲೆಕ್ಕವನ್ನು ಮತ್ತೆ ಬಿಡಿಸಿ ನೋಡಿದರು. ಅವರ ವರದಿ 2015ರ ಏಪ್ರಿಲ್‌ನಲ್ಲಿ ಬಂತು. ಮೂರೂ ತಂಡಗಳಿಂದ ನಿಜವಾಗಿ ನಷ್ಟ ಇಲ್ಲ, ಹೆಚ್ಚುಕಮ್ಮಿ ಸರಿದೂಗುತ್ತೆ ಅಂದ್ರು.

ಅದು ಹೇಗೆ? ಒಂದು ಉದಾಹರಣೆ. ಅರ್ಧ ಖಾಲಿ ಇರೋ ಕೆಎಸ್‌ಆರ್‌ಟಿಸಿ ಬಸ್ಸು ಹೇಗೂ ಹೊರಟಿದೆ. ಅದಕ್ಕೆ ಪಾಸ್ ಇರೋ ಒಬ್ಬ ಹತ್ತಿದ. ಪುಸ್ತಕದಲ್ಲಿ "ಪೂರ್ತಿ ಟಿಕೆಟ್ ನಷ್ಟ" ಅಂತ ಬರೀಬಹುದು. ಆದ್ರೆ ಅವನಿಂದ ಡೀಸೆಲ್ ಎಷ್ಟು ಹೆಚ್ಚು ಖರ್ಚಾಯ್ತು? ಆಟಗಾರರ ವಿದ್ಯಾರ್ಥಿವೇತನವೂ ಹಾಗೇ. ಪುಸ್ತಕದಲ್ಲಿ ಪೂರ್ತಿ ಫೀಸು ಖರ್ಚು ಅಂತ ಬರೆದಿರುತ್ತೆ. ಅದೇ ತರಗತಿಯಲ್ಲಿ ಇನ್ನೊಬ್ಬ ಕೂತರೆ ವಿಶ್ವವಿದ್ಯಾಲಯಕ್ಕೆ ಆಗೋ ನಿಜವಾದ ಖರ್ಚು ಅದಕ್ಕಿಂತ ಕಮ್ಮಿ.

ಇನ್ನೊಂದು ವಿಷಯ. ಯುಎಬಿ ಇದ್ದ ಕಾನ್ಫರೆನ್ಸ್ ಯುಎಸ್‌ಎ ಒಕ್ಕೂಟದಲ್ಲಿ ಉಳೀಬೇಕಾದ್ರೆ ಫುಟ್‌ಬಾಲ್ ತಂಡ ಇರಲೇಬೇಕಿತ್ತು. ಅಂದ್ರೆ ಫುಟ್‌ಬಾಲ್ ಹೋದ್ರೆ ಬಾಸ್ಕೆಟ್‌ಬಾಲ್, ಸಾಕರ್ ಎಲ್ಲದರ ಬುಡವೂ ಅಲ್ಲಾಡುತ್ತೆ. ಒಂದು ಕಂಬ ಕಿತ್ತರೆ ಇಡೀ ಚಪ್ಪರ ವಾಲಿದ ಹಾಗೆ.

(4/6)
ಊರು ಸುಮ್ಮನಿರಲಿಲ್ಲ. ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. 2015ರ ಜನವರಿಯಲ್ಲಿ ಅಧ್ಯಾಪಕರ ಸೆನೆಟ್ ಅಧ್ಯಕ್ಷರ ಮೇಲೆ ಅವಿಶ್ವಾಸ ನಿರ್ಣಯ ಅಂಗೀಕರಿಸಿತು. ಗಮನಿಸಿ, ಅಧ್ಯಾಪಕರು! ಅವರ ಸಿಟ್ಟು ಬರೀ ಆಟದ ಬಗ್ಗೆ ಅಲ್ಲ, ಯಾರನ್ನೂ ಕೇಳದೆ ಮುಚ್ಚಿದ ಕೋಣೆಯಲ್ಲಿ ತೀರ್ಮಾನ ಮಾಡಿದ್ದರ ಬಗ್ಗೆ.

ಘೋಷಣೆ ಕೂಗಿದ್ರೆ ಸಾಲದು, ದುಡ್ಡೂ ಬೇಕಲ್ಲ. ಹಳೇ ವಿದ್ಯಾರ್ಥಿಗಳು, ಊರಿನ ವ್ಯಾಪಾರಿಗಳು, ನಗರಸಭೆ, ವಿದ್ಯಾರ್ಥಿ ಸಂಘ ಎಲ್ಲರೂ ಮುಂದೆ ಬಂದ್ರು. ಹನಿ ಹನಿ ಕೂಡಿ ಹಳ್ಳ ಅಂತಾರಲ್ಲ, 1.7 ಕೋಟಿ ಡಾಲರ್‌ನಷ್ಟು ಭರವಸೆ ಸೇರಿತು. 2015ರ ಜೂನ್ 1ರಂದು ವಾಟ್ಸ್ ಅವರೇ ಬಂದು, ಫುಟ್‌ಬಾಲ್ ವಾಪಸ್ ತರ್ತೀವಿ ಅಂತ ಘೋಷಿಸಿದರು. ಮುಚ್ಚಿ ಪೂರ್ತಿ ಆರು ತಿಂಗಳೂ ಆಗಿರಲಿಲ್ಲ.

(5/6)
ಸಿನಿಮಾ ಆಗಿದ್ರೆ ಇಲ್ಲೇ "ಶುಭಂ". ನಿಜವಾದ ಕಷ್ಟ ಶುರುವಾಗಿದ್ದೇ ಆಮೇಲೆ.

ಅಷ್ಟರಲ್ಲಿ ಬಹುಪಾಲು ಆಟಗಾರರು ಬೇರೆ ಕಾಲೇಜು ಸೇರಿಯಾಗಿತ್ತು. ಅವರನ್ನ ದೂರೋ ಹಾಗಿಲ್ಲ. ಓದು, ವಿದ್ಯಾರ್ಥಿವೇತನ, ಭವಿಷ್ಯ ಎಲ್ಲಾ ಅದರಲ್ಲೇ ಇತ್ತು. ಕೋಚ್ ಬಿಲ್ ಕ್ಲಾರ್ಕ್ ಮಾತ್ರ ಹೋಗಲಿಲ್ಲ. ಅವರು ಬಂದು ಒಂದೇ ಸೀಸನ್ ಆಗಿತ್ತು, ಬೇರೆ ಕಡೆ ಕೆಲಸ ಸಿಗ್ತಿತ್ತು. ಆದ್ರೂ ಉಳಿದರು.

2015ರಲ್ಲಿ ಪಂದ್ಯ ಇಲ್ಲ. 2016ರಲ್ಲೂ ಇಲ್ಲ. ಯೋಚಿಸಿ: ಎದುರಾಳಿ ಇಲ್ಲ, ಸ್ಕೋರ್‌ಬೋರ್ಡ್ ಇಲ್ಲ, ಚಪ್ಪಾಳೆ ಇಲ್ಲ. ಬರೀ ಪ್ರಾಕ್ಟೀಸ್. "ಎರಡು ವರ್ಷ ಆದ್ಮೇಲೆ ಆಡೋಣ, ಈಗ ಬಾ" ಅಂತ ಹುಡುಗರನ್ನು ಒಪ್ಪಿಸಿ ತಂಡ ಕಟ್ಟಬೇಕು.

2017ರ ಸೆಪ್ಟೆಂಬರ್ 2. ಅದೇ ಲೀಜನ್ ಫೀಲ್ಡ್. ಬಂದವರು 45,212 ಜನ. ಅಲಬಾಮಾ ಎ ಅಂಡ್ ಎಂ ವಿರುದ್ಧ 38-7ರ ಗೆಲುವು. ಆ ಸೀಸನ್ 8 ಗೆಲುವು, 5 ಸೋಲು. 2018ರಲ್ಲಿ 11 ಗೆಲುವು, ಒಕ್ಕೂಟದ ಚಾಂಪಿಯನ್ ಪಟ್ಟ. 2020ರಲ್ಲಿ ಮತ್ತೊಮ್ಮೆ ಪಟ್ಟ. 2021ರ ಅಕ್ಟೋಬರ್‌ನಲ್ಲಿ ಊರಿನ ನಡುವೆಯೇ ಹೊಸ ಸ್ಟೇಡಿಯಂನಲ್ಲಿ ಮೊದಲ ಪಂದ್ಯ ಆಡಿದರು. ಬೆನ್ನುನೋವಿನಿಂದಾಗಿ ಕ್ಲಾರ್ಕ್ 2022ರಲ್ಲಿ ನಿವೃತ್ತರಾದರು.

(6/6)
ಕೊನೆಗೆ, ಎಲ್ಲರೂ ಮರೆಯೋ ಮಾತು. ಬೌಲಿಂಗ್ ಮತ್ತು ರೈಫಲ್ ತಂಡಗಳೂ ವಾಪಸ್ ಬಂದವು. ಬೌಲಿಂಗ್ ಅಂದ್ರೆ ಕ್ರಿಕೆಟ್‌ದಲ್ಲ. ಮಾಲ್‌ನಲ್ಲಿ ಭಾರದ ಚೆಂಡು ಉರುಳಿಸಿ ಪಿನ್ ಬೀಳಿಸ್ತಾರಲ್ಲ, ಅದು. ಹುಡುಗಿಯರ ತಂಡ. ಅವರ ಪಂದ್ಯಕ್ಕೆ 45 ಸಾವಿರ ಜನ ಬರಲ್ಲ, ಅವರ ಬಗ್ಗೆ ದೊಡ್ಡ ಸುದ್ದಿಯೂ ಆಗಲ್ಲ. ಆದ್ರೂ ಹೋರಾಟ ಮೂರೂ ತಂಡಗಳ ಹೆಸರಲ್ಲಿ ನಡೀತು, ಲೆಕ್ಕವನ್ನೂ ಮೂರಕ್ಕೂ ಬಿಡಿಸಿದರು. ಬರೀ ಫುಟ್‌ಬಾಲ್ ಅಂತ ಕೂಗಿದ್ರೆ ಆ ಹುಡುಗಿಯರ ಗತಿ?

ಎಲ್ಲಾ ತಂಡವನ್ನೂ ಉಳಿಸೋಕಾಗುತ್ತೆ ಅಂತ ನಾನು ಹೇಳ್ತಿಲ್ಲ. ಕೆಲವು ಸಲ ದುಡ್ಡು ನಿಜಕ್ಕೂ ಇರಲ್ಲ. ಆದ್ರೆ ಇಲ್ಲ ಅಂತ ಹೇಳೋರು ಲೆಕ್ಕ ತೋರಿಸಬೇಕು, ನಾವು ಅದನ್ನ ಕೂತು ಓದಬೇಕು. ಯುಎಬಿ ಉಳಿದಿದ್ದು ಅಲ್ಲಿಂದ.

ನಮ್ಮ ಖೋ-ಖೋ ಟೀಮಲ್ಲಿ ಇರೋದು 15 ಜನ. ಬೇಕಿರೋದು ಎರಡು ಕಂಬ, ಒಂದಷ್ಟು ಜರ್ಸಿ, ಬಸ್ ಚಾರ್ಜು. ಅದಕ್ಕೆ ಎಷ್ಟಾಗುತ್ತೆ? ಸೋಮವಾರ ಆಫೀಸಿಗೆ ಹೋಗಿ ಕೇಳ್ತೀನಿ. ಜೊತೆಗೆ ಯಾರ್ ಬರ್ತೀರಾ, ಕಾಮೆಂಟಲ್ಲಿ ಹೇಳಿ.

#ಆಟದಇತಿಹಾಸ #ಯುಎಬಿ #ಲೆಕ್ಕತೋರಿಸಿ #ಖೋಖೋ