ಚಾರ್ಮಿನಾರ್‌ನ ಕಿರುರೂಪಗಳು: ನಾಣ್ಯ, ಲಾಂಛನ, ಪ್ರತಿಕೃತಿ

ಹೈದರಾಬಾದಿನ ಸನ್ಮಾನ ಸಮಾರಂಭಗಳಲ್ಲಿ ಅತಿಥಿಗಳಿಗೆ ಚಾರ್ಮಿನಾರ್‌ನ ಪ್ರತಿಕೃತಿಯನ್ನು ನೀಡುವುದು ರೂಢಿ. ಅಲ್ಲಿನ ಕನ್ನಡಿಗರ ಮನೆಗಳ ಗಾಜಿನ ಕಪಾಟುಗಳಲ್ಲಿಯೂ ಇದನ್ನು ನಾವು ಕಂಡಿದ್ದೇವೆ. ಇಂತಹ ವಸ್ತುಗಳನ್ನು ಪ್ರವಾಸಿಗರ ಸರಕೆಂದು ಬದಿಗಿರಿಸದೆ, ಒಂದು ನಗರವು ತನ್ನನ್ನು ಹೇಗೆ ಬಿಂಬಿಸಿಕೊಂಡಿತೆಂಬುದಕ್ಕೆ ಆಕರವಾಗಿ ಪರಿಶೀಲಿಸುವುದು ಉಚಿತ.

1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಷಾ ಕಟ್ಟಿಸಿದ ಚಾರ್ಮಿನಾರ್ ಒಂಟಿ ಕಟ್ಟಡವಲ್ಲ. ಹೊಸ ನಗರದ ರಾಜಬೀದಿಗಳು ಕೂಡುವ ಚೌಕದ ಕೇಂದ್ರ. ಅದರ ಮೇಲಂತಸ್ತಿನಲ್ಲಿ ಮಸೀದಿಯಿದೆ. ಉತ್ತರಕ್ಕೆ ಚಾರ್ ಕಮಾನ್ ಇದೆ. ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಒಂದಾದ ಪುರವರ್ಣನೆಯು ಕೋಟೆ, ಅಗಳ್ತೆ, ಅಂಗಡಿಬೀದಿಗಳನ್ನೆಲ್ಲ ಒಳಗೊಳ್ಳುತ್ತದೆ. ಪ್ರತಿಕೃತಿಯಾದರೋ ಬೀದಿಗಳನ್ನು ಕಳೆದು ಕಟ್ಟಡವನ್ನಷ್ಟೇ ಉಳಿಸಿಕೊಳ್ಳುತ್ತದೆ. 1889ರಲ್ಲಿ ಅಳವಡಿಸಿದ ಗಡಿಯಾರಗಳು ಅದರಲ್ಲಿ ಕಾಣಿಸಿಕೊಂಡಾಗ ಅವೂ ಮೂಲ ರಚನೆಯ ಭಾಗವೆಂಬ ಭ್ರಮೆ ಮೂಡುತ್ತದೆ.

ಈ ಕಿರುರೂಪಕ್ಕೆ ರಾಜಮುದ್ರೆಯ ಪೂರ್ವೇತಿಹಾಸವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ನಾಣ್ಯಗಳ ಮೇಲೆ ಚಾರ್ಮಿನಾರ್ ಅಚ್ಚಾಯಿತು. ಅದರ ಕಮಾನಿನೊಳಗೆ ಅವರ ಹೆಸರಿನ ಮೊದಲಕ್ಷರ 'ಮೀಮ್' ಇತ್ತು. 1911ರಲ್ಲಿ ಮೀರ್ ಉಸ್ಮಾನ್ ಅಲಿ ಖಾನರು ಪಟ್ಟಕ್ಕೆ ಬಂದ ಬಳಿಕ ಆ ಸ್ಥಾನಕ್ಕೆ 'ಐನ್' ಬಂದಿತು. ಕುತುಬ್ ಷಾಹಿ ಕಟ್ಟಡವೊಂದನ್ನು ಅಸಫ್ ಜಾಹಿ ಮನೆತನವು ತನ್ನ ಗುರುತಾಗಿಸಿಕೊಂಡ ಬಗೆ ಇದು. ಬೀದರ್, ಗುಲ್ಬರ್ಗ, ರಾಯಚೂರುಗಳ ರೈತನು ರಾಜಧಾನಿಯನ್ನು ನೋಡದಿದ್ದರೂ ಅದರ ಕಿರುರೂಪವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದನು.

2014ರಲ್ಲಿ ರಚನೆಯಾದ ತೆಲಂಗಾಣ ರಾಜ್ಯವು ತನ್ನ ಲಾಂಛನದಲ್ಲಿ ಕಾಕತೀಯ ತೋರಣದೊಳಗೆ ಚಾರ್ಮಿನಾರ್ ಅನ್ನು ಇರಿಸಿತು. ಹಿಂದೆ ಚಾರ್ಮಿನಾರ್‌ನ ಕಮಾನಿನೊಳಗೆ ಅರಸನ ಅಕ್ಷರವಿದ್ದರೆ, ಇಲ್ಲಿ ಚಾರ್ಮಿನಾರೇ ಮತ್ತೊಂದು ಕಮಾನಿನ ಒಳಗೆ ಬಂದಿತು. ಕಟ್ಟಡ ಅದೇ, ಅದನ್ನು ಆವರಿಸಿದ ಚೌಕಟ್ಟು ಬದಲಾಯಿತು. ಅಧಿಕಾರದ ಚರಿತ್ರೆಯನ್ನು ಈ ಚೌಕಟ್ಟುಗಳಲ್ಲಿಯೇ ಓದಬೇಕೆಂಬುದು ನಮ್ಮ ವಾದ.

ಕನ್ನಡದ ಸಂಬಂಧವು ನಾಣ್ಯದೊಂದಿಗೆ ಮುಗಿಯುವುದಿಲ್ಲ. ಹೈದರಾಬಾದಿನ ಅಂಗಡಿಗಳಲ್ಲಿ ಚಾರ್ಮಿನಾರ್‌ನ ಆಕೃತಿಯನ್ನು ಬಿದರಿ ಕುಸುರಿಯಲ್ಲಿಯೂ ನಾವು ನೋಡಿದ್ದೇವೆ. ಸತು ಹಾಗೂ ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪೇರಿಸುವ ಈ ಕಲೆಯ ಹೆಸರೇ ಬೀದರಿನದು. ಒಂದು ನಗರದ ಗುರುತನ್ನು ಮೂಡಿಸಿದ್ದು ಇನ್ನೊಂದು ನಗರದ ಕಲೆ. 1956ರಲ್ಲಿ ಹೈದರಾಬಾದ್ ರಾಜ್ಯವು ಭಾಷಾವಾರು ವಿಭಜನೆಗೊಂಡು ಅದರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. 'ಹೈದರಾಬಾದ್ ಕರ್ನಾಟಕ' ಎಂಬ ಹೆಸರು 2019ರಲ್ಲಿ 'ಕಲ್ಯಾಣ ಕರ್ನಾಟಕ'ವಾಯಿತು. ಗಡಿ ಬದಲಾಯಿತು, ಹೆಸರೂ ಬದಲಾಯಿತು. ಕೊಡುಕೊಳ್ಳುವಿಕೆಯ ಸಾಕ್ಷ್ಯ ಮಾತ್ರ ಇಂತಹ ವಸ್ತುಗಳಲ್ಲಿ ಉಳಿದಿದೆ.

ಹೊರನಾಡಿನಲ್ಲಿ ಕನ್ನಡದ ಚರಿತ್ರೆಯನ್ನು ಅರಸುವವರು ಶಾಸನ, ಹಸ್ತಪ್ರತಿಗಳ ಜೊತೆಗೆ ಮನೆಯ ಕಪಾಟಿನತ್ತಲೂ ಕಣ್ಣು ಹಾಯಿಸಬೇಕು. ಅಲ್ಲಿರುವ ಪುಟ್ಟ ಚಾರ್ಮಿನಾರ್ ಅನ್ಯರ ನಗರದ ನೆನಪಿನ ಕಾಣಿಕೆಯಷ್ಟೇ ಅಲ್ಲ. ನಮ್ಮವರೂ ಬಾಳಿ ಬೆಳೆಸಿದ ನಗರವೊಂದರ ದಾಖಲೆಯೂ ಹೌದು.