ವಿಕೇಂದ್ರೀಕೃತ ಸಾಮಾಜಿಕ ಜಾಲಗಳಲ್ಲಿ ಸುದ್ದಿ: ಹುಬ್ಬಳ್ಳಿ-ಧಾರವಾಡದಿಂದ ಕಂಡಂತೆ

ವಿಕೇಂದ್ರೀಕೃತ ಸಾಮಾಜಿಕ ಜಾಲ ಎಂದರೆ ಒಂದೇ ಕಂಪನಿಯ ಕೈಯಲ್ಲಿರದ, ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಒಂದು ಬಹಿರಂಗ ನಿಯಮಾವಳಿಗೆ ಒಪ್ಪಿ ತಮ್ಮತಮ್ಮಲ್ಲಿ ಪೋಸ್ಟುಗಳನ್ನು ಕೊಟ್ಟು ತೆಗೆದುಕೊಳ್ಳುವ ಜಾಲ. ಮಾಸ್ಟೊಡಾನ್, ಬ್ಲೂಸ್ಕೈ, ನಾಸ್ಟರ್, ಡಯಾಸ್ಪೊರ ಇವು ಇದರ ಹೆಸರಾಂತ ಮಾದರಿಗಳು. ರಾಜಕೀಯ, ತಂತ್ರಜ್ಞಾನ, ಖಾಸಗಿತನ ಈ ಮೂರರ ಸುದ್ದಿ ಇಲ್ಲಿ ದಟ್ಟವಾಗಿ ಹರಿಯುತ್ತದೆ. ದೊಡ್ಡ ಜಾಲಗಳನ್ನು ಬಿಟ್ಟು ಮೊದಲು ಇತ್ತ ಬಂದವರಲ್ಲಿ ಸಾಫ್ಟ್‌ವೇರ್ ಬಲ್ಲವರು, ವಕೀಲರು, ಪತ್ರಕರ್ತರು ಬಹಳವಿದ್ದದ್ದೇ ಇದಕ್ಕೆ ಕಾರಣ.

ಹುಬ್ಬಳ್ಳಿ-ಧಾರವಾಡ ಸುದ್ದಿಯ ಊರು. ಸಂಯುಕ್ತ ಕರ್ನಾಟಕ ಇಲ್ಲಿಯದು, ವಿಜಯವಾಣಿ ಇಲ್ಲಿಂದ ಹೊರಟದ್ದು, ಧಾರವಾಡ ಆಕಾಶವಾಣಿ 1950ರಿಂದ ಮಾತಾಡುತ್ತಿದೆ. ಐಐಟಿ, ಐಐಐಟಿ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಇಲ್ಲಿದ್ದಾರೆ. ಆದರೂ ಅವಳಿನಗರದ ದಿನನಿತ್ಯದ ಸುದ್ದಿ ಈಗಲೂ ಓಡಾಡುವುದು ಪತ್ರಿಕೆ, ಟಿವಿ, ಯೂಟ್ಯೂಬ್ ಮತ್ತು ವಾಟ್ಸ್ಆ್ಯಪ್‌ಗಳಲ್ಲಿ. ವಿಕೇಂದ್ರೀಕೃತ ಜಾಲಗಳಲ್ಲಿ ಸಿಗುವುದು ಬೇರೆ ಬಗೆಯ ಸುದ್ದಿ: ಊರಿನದಲ್ಲ, ವಿಷಯದ್ದು. ಈ ವ್ಯತ್ಯಾಸ ತಿಳಿಯದೆ ಖಾತೆ ತೆರೆದವರು ನಾಲ್ಕು ದಿನಕ್ಕೆ ಬೇಸತ್ತು ಹಿಂತಿರುಗುತ್ತಾರೆ.

ಕೆಲಸ ಮಾಡುವ ಬಗೆ

ಬಿಎಸ್‌ಎನ್‌ಎಲ್ ಸಿಮ್‌ನಿಂದ ಜಿಯೋ ನಂಬರಿಗೆ ಕರೆ ಹೋಗುವಂತೆ ಒಂದು ಸರ್ವರಿನ ಬಳಕೆದಾರ ಇನ್ನೊಂದು ಸರ್ವರಿನವರನ್ನು ಹಿಂಬಾಲಿಸಬಹುದು. ಮಾಸ್ಟೊಡಾನ್‌ನಲ್ಲಿ ಪ್ರತಿ ವಿಳಾಸದಲ್ಲೂ ಎರಡು ಭಾಗ ಇರುತ್ತದೆ, ಹೆಸರು ಮತ್ತು ಸರ್ವರ್. ಧಾರವಾಡದ ವಿದ್ಯಾರ್ಥಿಯೊಬ್ಬ ಜರ್ಮನಿಯ ಸರ್ವರಿನಲ್ಲಿರುವ ಪತ್ರಕರ್ತನನ್ನು ಹಿಂಬಾಲಿಸಿದರೆ, ಆ ಪತ್ರಕರ್ತ ಬರೆದ ಪೋಸ್ಟಿನ ಒಂದು ನಕಲು ವಿದ್ಯಾರ್ಥಿಯ ಸರ್ವರಿಗೂ ಬಂದು ಕೂರುತ್ತದೆ. ಈ ಸಾಗಾಟದ ನಿಯಮಾವಳಿಯ ಹೆಸರು ಆ್ಯಕ್ಟಿವಿಟಿಪಬ್. ವೆಬ್‌ನ ಮಾನಕ ಸಂಸ್ಥೆ ಡಬ್ಲ್ಯು3ಸಿ ಇದನ್ನು 2018ರ ಜನವರಿಯಲ್ಲಿ ಮಾನ್ಯ ಮಾಡಿತು. ಇದನ್ನು ಪಾಲಿಸುವ ಸರ್ವರ್‌ಗಳ ಒಟ್ಟು ಲೋಕಕ್ಕೆ ಫೆಡಿವರ್ಸ್ ಎಂದು ಹೆಸರು. ಮಾಸ್ಟೊಡಾನ್ ತಂತ್ರಾಂಶವನ್ನು ಜರ್ಮನಿಯ ಯೂಜೆನ್ ರೊಚ್ಕೊ 2016ರಲ್ಲಿ ಹೊರತಂದ. ಬ್ಲೂಸ್ಕೈ ಟ್ವಿಟರ್ ಒಳಗೇ 2019ರಲ್ಲಿ ಹುಟ್ಟಿದ ಯೋಚನೆ. ತನ್ನದೇ ಎಟಿ ಪ್ರೊಟೊಕಾಲ್ ಕಟ್ಟಿಕೊಂಡು, 2024ರ ಫೆಬ್ರವರಿಯಲ್ಲಿ ಆಹ್ವಾನವಿಲ್ಲದೆಯೇ ಎಲ್ಲರಿಗೂ ಬಾಗಿಲು ತೆರೆಯಿತು. ಬ್ಲೂಸ್ಕೈಯ ನಿಯಮಾವಳಿ ಬಹಿರಂಗವಾಗಿದ್ದರೂ ಬಹುಪಾಲು ಬಳಕೆದಾರರು ಒಂದೇ ಕಂಪನಿಯ ಸರ್ವರಿನಲ್ಲಿರುವುದರಿಂದ, ಇದನ್ನು ಪೂರ್ತಿ ವಿಕೇಂದ್ರಿತ ಎನ್ನುವುದಕ್ಕೆ ಫೆಡಿವರ್ಸಿನ ಹಳಬರು ಒಪ್ಪುವುದಿಲ್ಲ. ಆ ಆಕ್ಷೇಪದಲ್ಲಿ ಹುರುಳಿದೆ.

ಸುದ್ದಿ ಓದುವವರಿಗೆ ಇದರಲ್ಲಿ ಎರಡು ಲಾಭ. ಮಾಸ್ಟೊಡಾನ್‌ನಲ್ಲಿ ಪೋಸ್ಟುಗಳು ಬಂದ ಹೊತ್ತಿನ ಕ್ರಮದಲ್ಲೇ ಕಾಣುತ್ತವೆ, ಸಿಟ್ಟು ಬರಿಸುವುದನ್ನು ಅಲ್ಗಾರಿದಮ್ ಮೇಲೆತ್ತಿ ತೋರಿಸುವುದಿಲ್ಲ. ಇನ್ನೊಂದು, ಅಸಲಿ ಖಾತೆಯನ್ನು ಗುರುತಿಸುವ ಬಗೆ. ಮಾಸ್ಟೊಡಾನ್‌ನಲ್ಲಿ ಪತ್ರಿಕೆಯ ಸ್ವಂತ ಜಾಲತಾಣಕ್ಕೂ ಖಾತೆಗೂ ಪರಸ್ಪರ ಕೊಂಡಿ ಹಾಕಿದರೆ ಹಸಿರು ಗುರುತು ಬೀಳುತ್ತದೆ. ಬ್ಲೂಸ್ಕೈಯಲ್ಲಿ ಜಾಲತಾಣದ ಹೆಸರನ್ನೇ ಖಾತೆಯ ಹೆಸರಾಗಿ ಇಟ್ಟುಕೊಳ್ಳಬಹುದು. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. 2022ರ ನವೆಂಬರಿನಲ್ಲಿ ಟ್ವಿಟರ್ ನೀಲಿ ಗುರುತನ್ನು ಮಾರಾಟಕ್ಕಿಟ್ಟಾಗ ನಕಲಿ ಖಾತೆಗಳ ಹಾವಳಿ ಎದ್ದದ್ದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ವಲಸೆಯ ಅಲೆಗಳು

ಭಾರತದ ಮೊದಲ ದೊಡ್ಡ ವಲಸೆ 2019ರ ನವೆಂಬರಿನಲ್ಲಿ ನಡೆಯಿತು. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗಡೆ ತಮ್ಮ ಟ್ವಿಟರ್ ಖಾತೆಯಲ್ಲಿ ನಾಜಿ ಸೆಲ್ಯೂಟ್ ಹೊಡೆಯದೆ ಕೈಕಟ್ಟಿ ನಿಂತ ಜರ್ಮನ್ ಕಾರ್ಮಿಕನ ಹಳೆಯ ಫೋಟೊ ಹಾಕಿಕೊಂಡಿದ್ದರು. ಖಾತೆ ಅಮಾನತಾಯಿತು, ಮರಳಿತು, ಒಂದು ಹಿಂದಿ ಕವಿತೆಯ ನೆಪದಲ್ಲಿ ಮತ್ತೆ ಅಮಾನತಾಯಿತು. ಹಲವು ಭಾರತೀಯ ಪತ್ರಕರ್ತರು, ಹೋರಾಟಗಾರರು ಮಾಸ್ಟೊಡಾನ್‌ಗೆ ಹೋದರು. ಹೋದವರಲ್ಲಿ ಹೆಚ್ಚಿನವರು ಸದ್ದಿಲ್ಲದೆ ಮರಳಿದರು. 2022ರ ಅಕ್ಟೋಬರ್ 27ರಂದು ಎಲಾನ್ ಮಸ್ಕ್ ಟ್ವಿಟರ್ ಕೊಂಡ ಮೇಲೆ ಇದೇ ಕಥೆ ಜಗತ್ತಿನ ಮಟ್ಟದಲ್ಲಿ ನಡೆಯಿತು.

ಇವೆರಡರ ನಡುವೆ ಕನ್ನಡಕ್ಕೇ ಸೇರಿದ ಒಂದು ಅಧ್ಯಾಯವಿದೆ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಬೆಂಗಳೂರಿನಲ್ಲಿ ಕಟ್ಟಿದ ‘ಕೂ’ 2020ರಲ್ಲಿ ಶುರುವಾದದ್ದು ಕನ್ನಡದಲ್ಲಿ, ಉಳಿದ ಭಾಷೆಗಳು ಆಮೇಲೆ ಬಂದವು. 2021ರ ಫೆಬ್ರವರಿಯಲ್ಲಿ ರೈತರ ಹೋರಾಟದ ಹೊತ್ತಿಗೆ ಕೇಂದ್ರ ಸರ್ಕಾರಕ್ಕೂ ಟ್ವಿಟರಿಗೂ ಜಟಾಪಟಿ ಬಿದ್ದಾಗ ಸಚಿವರು, ಇಲಾಖೆಗಳು ಕೂ ಸೇರಿದರು. ಹಣ ಹುಟ್ಟದೆ, ಕೊಳ್ಳುವವರೂ ಸಿಗದೆ 2024ರ ಜುಲೈಯಲ್ಲಿ ಅದು ಮುಚ್ಚಿತು. ಕೂ ವಿಕೇಂದ್ರೀಕೃತ ಜಾಲವಾಗಿರಲಿಲ್ಲ, ಒಂದೇ ಕಂಪನಿಯ ಸೊತ್ತು. ಅದಕ್ಕೇ ಅಂಗಡಿ ಮುಚ್ಚಿದಾಗ ಅಲ್ಲಿನ ಹಿಂಬಾಲಕರ ಬಳಗವನ್ನು ಇನ್ನೊಂದು ಕಡೆಗೆ ಕರೆದೊಯ್ಯುವ ದಾರಿ ಯಾರಿಗೂ ಇರಲಿಲ್ಲ. ಮಾಸ್ಟೊಡಾನ್‌ನಲ್ಲಿ ಸರ್ವರ್ ಬದಲಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ. ಆದರೆ ಹಳೆಯ ಪೋಸ್ಟುಗಳು ಬರುವುದಿಲ್ಲ, ಮೂಲ ಸರ್ವರ್ ಮೊದಲೇ ಸತ್ತಿದ್ದರೆ ಹಿಂಬಾಲಕರೂ ಬರುವುದಿಲ್ಲ. ಅಫ್ಗಾನಿಸ್ತಾನದ ಡೊಮೇನ್ ಹೆಸರಿನಲ್ಲಿ ನಡೆಯುತ್ತಿದ್ದ ಒಂದು ಸರ್ವರ್ 2024ರಲ್ಲಿ ತಾಲಿಬಾನ್ ಆಡಳಿತ ಆ ಹೆಸರನ್ನೇ ರದ್ದು ಮಾಡಿದ್ದರಿಂದ ಏಕಾಏಕಿ ನಿಂತುಹೋಯಿತು.

ಹೈಕೋರ್ಟಿನ ಸುದ್ದಿ

ಇಂಥ ಜಾಲಗಳಲ್ಲಿ ಖಾಸಗಿತನದ ಚರ್ಚೆ ಹಿಂಬಾಲಿಸುವವರಿಗೆ ಕರ್ನಾಟಕ ಹೈಕೋರ್ಟ್ ಮೇಲಿಂದ ಮೇಲೆ ಎದುರಾಗುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ಪ್ರಕರಣದ ಅರ್ಜಿದಾರರು ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾತೆ, ಪೋಸ್ಟುಗಳನ್ನು ತಡೆಯುವ ಕೇಂದ್ರದ ಆದೇಶಗಳ ವಿರುದ್ಧ ಟ್ವಿಟರ್ ಹಾಕಿದ ಅರ್ಜಿಯನ್ನು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ 2023ರ ಜೂನ್ 30ರಂದು ವಜಾ ಮಾಡಿ ಕಂಪನಿಗೆ 50 ಲಕ್ಷ ರೂಪಾಯಿ ದಂಡ ಹಾಕಿದರು. ತೆಗೆದುಹಾಕುವ ನೋಟಿಸುಗಳನ್ನು ಕಳಿಸುವ ‘ಸಹಯೋಗ’ ಪೋರ್ಟಲನ್ನು ಪ್ರಶ್ನಿಸಿದ ಎಕ್ಸ್ ಕಾರ್ಪ್‌ನ (ಟ್ವಿಟರಿನ ಈಗಿನ ಹೆಸರು) ಅರ್ಜಿಯನ್ನು ನ್ಯಾಯಮೂರ್ತಿ ಎಂ. ನಾಗಪ್ರಸನ್ನ 2025ರ ಸೆಪ್ಟೆಂಬರ್ 24ರಂದು ತಳ್ಳಿಹಾಕಿದರು. ಅದೇ ವರ್ಷ ಏಪ್ರಿಲಿನಲ್ಲಿ, ಗೂಢಲಿಪೀಕರಣಕ್ಕೆ ಹೆಸರಾದ ಪ್ರೋಟಾನ್ ಮೇಲ್ ಸೇವೆಯನ್ನು ತಡೆಯಲು ಕ್ರಮ ಕೈಗೊಳ್ಳುವಂತೆ ಕೇಂದ್ರಕ್ಕೆ ಸೂಚಿಸಿದ್ದೂ ಅವರೇ.

ಇವೆಲ್ಲ ಬೆಂಗಳೂರಿನ ತೀರ್ಪುಗಳು. ಅವಳಿನಗರದ್ದೇ ಆದ ಪ್ರಕರಣವನ್ನು ಧಾರವಾಡ ಪೀಠ ಕೊಟ್ಟಿದೆ. ಈ ಪೀಠ 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆಯಿತು. ಹುಬ್ಬಳ್ಳಿಯ ಮಹಿಳೆಯೊಬ್ಬರಿಗೆ ಕೌಟುಂಬಿಕ ನ್ಯಾಯಾಲಯ ಜೀವನಾಂಶ ಮಂಜೂರು ಮಾಡಿತ್ತು, ಗಂಡನ ಪತ್ತೆಯಿಲ್ಲ. ಆಧಾರ್‌ನಲ್ಲಿ ಅವನ ವಿಳಾಸ ಇರಲೇಬೇಕಲ್ಲ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರು. ಆಧಾರ್ ಪ್ರಾಧಿಕಾರ ಕೊಡಲಿಲ್ಲ. ಏಕಸದಸ್ಯ ಪೀಠ, ಗಂಡನಿಗೆ ನೋಟಿಸ್ ಕೊಟ್ಟು ಅಹವಾಲು ಕೇಳಿ ಅರ್ಜಿಯನ್ನು ಮತ್ತೆ ಪರಿಶೀಲಿಸಿ ಎಂದಿತು. ಪ್ರಾಧಿಕಾರ ಮೇಲ್ಮನವಿ ಹೋಯಿತು. 2023ರಲ್ಲಿ ನ್ಯಾಯಮೂರ್ತಿ ಎಸ್. ಸುನಿಲ್ ದತ್ ಯಾದವ್ ಮತ್ತು ನ್ಯಾಯಮೂರ್ತಿ ವಿಜಯಕುಮಾರ್ ಎ. ಪಾಟೀಲ್ ಅವರಿದ್ದ ವಿಭಾಗೀಯ ಪೀಠ ಆಧಾರ್ ಕಾಯ್ದೆಯ 33ನೇ ಸೆಕ್ಷನ್ ಹಿಡಿದು, ಇಂಥ ಮಾಹಿತಿ ಬಿಟ್ಟುಕೊಡಲು ಹೈಕೋರ್ಟ್ ನ್ಯಾಯಮೂರ್ತಿಗಿಂತ ಕೆಳಗಿನವರು ಆದೇಶಿಸುವಂತಿಲ್ಲ, ಮಾಹಿತಿ ಯಾರದೋ ಅವರ ಮಾತು ಕೇಳಲೇಬೇಕು, ಮದುವೆಯಾದ ಮಾತ್ರಕ್ಕೆ ಗಂಡನ ಖಾಸಗಿತನದ ಹಕ್ಕು ಅಳಿಯುವುದಿಲ್ಲ ಎಂದು ಹೇಳಿ ಪ್ರಕರಣವನ್ನು ಏಕಸದಸ್ಯ ಪೀಠಕ್ಕೆ ಮರಳಿಸಿತು.

ಊರಿನ ಪುಟದಲ್ಲಿ ಓದಿದರೆ ಇದು ಜೀವನಾಂಶದ ವ್ಯಾಜ್ಯ, ಓದಿದವರ ಮನಸ್ಸು ಹೆಂಗಸಿನ ಕಡೆಗೇ ವಾಲುತ್ತದೆ. ಖಾಸಗಿತನದ ಸುದ್ದಿಯಾಗಿ ಓದಿದರೆ ಪುಟ್ಟಸ್ವಾಮಿ ತೀರ್ಪಿನ ತತ್ವ ಒಂದು ಮನೆಯ ಬಾಗಿಲಿಗೆ ಬಂದ ಪ್ರಸಂಗ. ಎರಡೂ ಓದು ಸರಿಯೇ, ಒಂದೇ ಸಾಲದು. ವಿಷಯದ ಬೆನ್ನು ಹತ್ತುವ ಜಾಲಗಳು ಎರಡನೆಯ ಓದನ್ನು ಕೊಡುತ್ತವೆ, ಮೊದಲನೆಯದನ್ನು ಮರೆಸುತ್ತವೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ. ಮಾಹಿತಿ ಹಕ್ಕು ಕಾಯ್ದೆಯ 8ನೇ ಸೆಕ್ಷನ್ನಿಗೆ ಇದೇ ಕಾಯ್ದೆ ತಂದ ತಿದ್ದುಪಡಿಯಿಂದ ಅಧಿಕಾರಿಗಳ ಬಗೆಗಿನ ಮಾಹಿತಿಯೂ ‘ವೈಯಕ್ತಿಕ’ದ ಹೆಸರಲ್ಲಿ ಮುಚ್ಚಿಹೋಗುತ್ತದೆ ಎಂದು ಪತ್ರಕರ್ತರು ಆಕ್ಷೇಪಿಸಿದ್ದಾರೆ. ಹುಬ್ಬಳ್ಳಿಯ ಆ ಅರ್ಜಿಗೂ ಈ ತಿದ್ದುಪಡಿಗೂ ನೆಂಟಸ್ತನ ಹತ್ತಿರದ್ದು.

ಕನ್ನಡದಲ್ಲಿ ಹುಡುಕುವುದು

ಮಾಸ್ಟೊಡಾನ್‌ನಲ್ಲಿ ಬಹುಕಾಲ ಹುಡುಕಾಟ ಎಂದರೆ ಹ್ಯಾಷ್‌ಟ್ಯಾಗ್ ಅಷ್ಟೇ. ಎಲ್ಲರ ಪೋಸ್ಟಿನ ಒಳಗಿನ ಪದ ಹುಡುಕುವ ಸೌಲಭ್ಯ 2023ರ ಸೆಪ್ಟೆಂಬರಿನ 4.2ನೇ ಆವೃತ್ತಿಯಲ್ಲಿ ಬಂತು, ಅದೂ ಬರೆದವರು ಒಪ್ಪಿಗೆ ಕೊಟ್ಟಿದ್ದರೆ ಮಾತ್ರ. ಹೀಗಾಗಿ ಕಾಗುಣಿತವೇ ಊರಿನ ಸುದ್ದಿಗೆ ಅಡ್ಡಗೋಡೆ. ಒಬ್ಬರು ಹುಬ್ಬಳ್ಳಿ ಎಂದು, ಇನ್ನೊಬ್ಬರು ಹುಬ್ಳಿ ಎಂದು ಬರೆಯುತ್ತಾರೆ. ಇಂಗ್ಲಿಷ್ ಲಿಪಿಯಲ್ಲಿ 2014ರ ನವೆಂಬರ್ 1ಕ್ಕಿಂತ ಹಿಂದಿನ ಅಧಿಕೃತ ರೂಪ ಒಂದು, ಈಚಿನದು ಇನ್ನೊಂದು. ‘ಹುಬ್ಬಳ್ಳಿ-ಧಾರವಾಡ’ ಎಂದು ಟ್ಯಾಗ್ ಹಾಕಿದರೆ ನಡುವಿನ ಅಡ್ಡಗೆರೆಯಲ್ಲೇ ಟ್ಯಾಗ್ ತುಂಡಾಗುತ್ತದೆ. ಜಾಗದ ಮಟ್ಟಿಗೆ ಮಾತ್ರ ಕನ್ನಡಕ್ಕೆ ಅನುಕೂಲವಿದೆ: ಎಕ್ಸ್‌ನ 280ರ ಲೆಕ್ಕದಲ್ಲಿ ‘ಹುಬ್ಬಳ್ಳಿ’ ಒಂಬತ್ತು ಸ್ಥಾನ ತಿನ್ನುತ್ತದೆ, ಏಕೆಂದರೆ ಅಲ್ಲಿ ಒತ್ತು, ಗುಣಿತದ ಚಿಹ್ನೆಗಳನ್ನೂ ಬೇರೆ ಬೇರೆ ಎಣಿಸುತ್ತಾರೆ. ಬ್ಲೂಸ್ಕೈಯ 300ರ ಲೆಕ್ಕ ಅಕ್ಷರಕ್ಕೆ ಅಂಟಿದ ಚಿಹ್ನೆಯನ್ನು ಬಿಡಿಸಿ ಎಣಿಸುವುದಿಲ್ಲ.

ದೊಡ್ಡ ತೊಡಕು ನಿಗಾದ್ದು. ಪ್ರತಿ ಸರ್ವರಿಗೂ ಅದರದೇ ಕಟ್ಟುಪಾಡು, ಅದರದೇ ಮೇಲ್ವಿಚಾರಕ. ಕೆಟ್ಟ ಸರ್ವರನ್ನು ಉಳಿದವು ಸಂಪರ್ಕ ಕಡಿದು ಬಹಿಷ್ಕರಿಸಬಹುದು. ಅಮೆರಿಕದ ಬಲಪಂಥೀಯ ಜಾಲ ಗ್ಯಾಬ್ 2019ರಲ್ಲಿ ಮಾಸ್ಟೊಡಾನ್ ತಂತ್ರಾಂಶ ಎತ್ತಿಕೊಂಡಾಗ ಹಾಗೇ ಆಯಿತು. ಆದರೆ ಯುರೋಪಿನಲ್ಲಿ ಕೂತ ಮೇಲ್ವಿಚಾರಕನಿಗೆ ಕನ್ನಡದ ಬೈಗುಳವೂ ತಿಳಿಯದು, ಚಿತ್ರವೊಂದು ಇಲ್ಲಿ ಯಾಕೆ ಕಿಡಿ ಹಚ್ಚುತ್ತದೆ ಎಂಬುದೂ ತಿಳಿಯದು. 2022ರ ಏಪ್ರಿಲ್ 16ರ ರಾತ್ರಿ ಹಳೇಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ನಡೆದ ಗಲಭೆಗೆ ಕಾರಣವಾದದ್ದು ಯುವಕನೊಬ್ಬ ಹಂಚಿಕೊಂಡ ತಿರುಚಿದ ಚಿತ್ರ. ಕಲ್ಲು ತೂರಾಟದಲ್ಲಿ ಪೊಲೀಸರು ಗಾಯಗೊಂಡರು, ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಮೊಕದ್ದಮೆ ಹಿಂಪಡೆಯಲು ರಾಜ್ಯ ಸರ್ಕಾರ 2024ರ ಅಕ್ಟೋಬರಿನಲ್ಲಿ ಹೊರಡಿಸಿದ ಆದೇಶವನ್ನು ಹೈಕೋರ್ಟ್ 2025ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಅಂಥ ಚಿತ್ರ ಫೆಡಿವರ್ಸಿನಲ್ಲಿ ಹೊರಟರೆ ಅಳಿಸುವ ಕೋರಿಕೆ ಸರ್ವರಿನಿಂದ ಸರ್ವರಿಗೆ ಹೋಗುತ್ತದೆ, ಪಾಲಿಸುವುದು ಬಿಡುವುದು ಆಯಾ ಸರ್ವರಿನ ಮರ್ಜಿ. ಕನ್ನಡ ಬಲ್ಲ ಮೇಲ್ವಿಚಾರಕರು ಇಲ್ಲದ ಜಾಲ, ಒಡೆಯ ಯಾರೇ ಆಗಿರಲಿ, ಇಲ್ಲಿಗೆ ಅಪಾಯವೇ.

ಖಾಸಗಿತನದ ಮಿತಿ, ಕಾನೂನಿನ ನೆರಳು

ವಿಕೇಂದ್ರೀಕೃತ ಎಂದರೆ ಖಾಸಗಿ ಎಂದು ತಿಳಿಯುವವರು ಬಹಳ, ಎರಡೂ ಬೇರೆ. ಮಾಸ್ಟೊಡಾನ್‌ನ ನೇರ ಸಂದೇಶಗಳಿಗೆ ತುದಿಯಿಂದ ತುದಿಯವರೆಗಿನ ಗೂಢಲಿಪಿ ಇಲ್ಲ, ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಬ್ಲೂಸ್ಕೈಯಲ್ಲಿ ಯಾರು ಯಾವುದನ್ನು ಮೆಚ್ಚಿದರು, ಯಾರನ್ನು ತಡೆದರು ಎಂಬುದೂ ಬಹಿರಂಗ. 2023ರ ಮೇಯಲ್ಲಿ ಕೊಲೆಕ್ಟಿವಾ ಎಂಬ ಸರ್ವರಿನ ನಿರ್ವಾಹಕರೊಬ್ಬರ ಮನೆಗೆ ಎಫ್‌ಬಿಐ ಬೇರೆ ಪ್ರಕರಣಕ್ಕಾಗಿ ದಾಳಿ ಇಟ್ಟಾಗ, ಅಲ್ಲಿದ್ದ ದತ್ತಸಂಚಯದ ಗೂಢಲಿಪಿಯಿಲ್ಲದ ಪ್ರತಿಯೂ ಜಪ್ತಿಯಾಯಿತು.

ಭಾರತದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು 50 ಲಕ್ಷ ನೋಂದಾಯಿತ ಬಳಕೆದಾರರಿಗಿಂತ ಹೆಚ್ಚಿರುವ ಜಾಲಗಳಿಗೆ ದೇಶದಲ್ಲೇ ಅಧಿಕಾರಿಗಳನ್ನು ನೇಮಿಸುವ ಹೊರೆ ಹೊರಿಸುತ್ತವೆ. ಸಣ್ಣ ಸರ್ವರಿಗೆ ಅದಿಲ್ಲ. ಆದರೆ ಕುಂದುಕೊರತೆ ಅಧಿಕಾರಿಯ ಹೆಸರು ಪ್ರಕಟಿಸುವುದು, ಆದೇಶ ಬಂದರೆ ಗಡುವಿನೊಳಗೆ ಪೋಸ್ಟ್ ತೆಗೆಯುವುದು ಸಣ್ಣವರಿಗೂ ತಪ್ಪದು. ಧಾರವಾಡದ ಹಾಸ್ಟೆಲ್ ಕೋಣೆಯಿಂದ ಸರ್ವರ್ ನಡೆಸುವವನೂ ಕಾನೂನಿನ ಕಣ್ಣಿಗೆ ಮಧ್ಯವರ್ತಿಯೇ. ಎಕ್ಸ್‌ನಂಥ ಕಂಪನಿಯೇ ಸೋತ ಕೋರ್ಟಿನಲ್ಲಿ ಅವನ ಪರ ಯಾರು ನಿಲ್ಲುತ್ತಾರೆ ಎಂಬುದಕ್ಕೆ ಉತ್ತರ ಇನ್ನೂ ಹುಟ್ಟಿಲ್ಲ.

2023ರ ಮೇಯಲ್ಲಿ ಕೇಂದ್ರ ಸರ್ಕಾರ ಜಮ್ಮು-ಕಾಶ್ಮೀರದ ಭದ್ರತೆಯ ಕಾರಣ ಕೊಟ್ಟು 14 ಸಂದೇಶ ಆ್ಯಪ್‌ಗಳನ್ನು ತಡೆದಾಗ ಪಟ್ಟಿಯಲ್ಲಿ ಎಲಿಮೆಂಟ್ ಕೂಡ ಇತ್ತು. ಎಲಿಮೆಂಟ್ ನಡೆಯುವುದು ಮ್ಯಾಟ್ರಿಕ್ಸ್ ಎಂಬ ವಿಕೇಂದ್ರೀಕೃತ ನಿಯಮಾವಳಿಯ ಮೇಲೆ. ಅದೇ ನಿಯಮಾವಳಿಯನ್ನು ಬಳಸುವ ಬೇರೆ ಆ್ಯಪ್‌ಗಳು ಪಟ್ಟಿಯಲ್ಲಿರಲಿಲ್ಲ. ತಡೆಯನ್ನು ಸ್ವತಂತ್ರ ತಂತ್ರಾಂಶ ಬಳಗದವರು ಕೇರಳ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಅತ್ತ ಫ್ರಾನ್ಸಿನ ಸರ್ಕಾರಿ ನೌಕರರು 2019ರಿಂದ ಬಳಸುತ್ತಿರುವ ಚಾಪ್ ಎಂಬ ಸಂದೇಶ ಸೇವೆಯೂ ಮ್ಯಾಟ್ರಿಕ್ಸ್ ಮೇಲೆಯೇ ಕಟ್ಟಿದ್ದು.